ಶುಕ್ರವಾರದ ಹಾಡು, ಭಾನುವಾರದ ಕಿವಿ

ವಾರಾಂತ್ಯಕ್ಕೆ ಯಾವ ಹೊಸ ಹಾಡು ಕೇಳಬೇಕೆಂದು ಹೇಳುವ ಪಟ್ಟಿಗಳು ಈಗ ಶುಕ್ರವಾರ ಬೆಳಗಾಗುವಷ್ಟರಲ್ಲಿ ಸಿದ್ಧವಾಗಿರುತ್ತವೆ. ಮೊದಲು ಆಲ್ಬಂಗಳು ಬ್ರಿಟನ್ನಿನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ ಹೊರಬರುತ್ತಿದ್ದವು. 2015ರ ಜುಲೈ 10ರಿಂದ ಧ್ವನಿಮುದ್ರಣ ಉದ್ಯಮ ಎಲ್ಲ ಕಡೆಗೂ ಶುಕ್ರವಾರವನ್ನೇ ಗೊತ್ತುಮಾಡಿತು. ನಮ್ಮಲ್ಲಿ ಸಿನಿಮಾ ತೆರೆಗೆ ಬರುವ ದಿನವೂ ಅದೇ. ಹೀಗೆ ಬಿಡುಗಡೆಯ ದಿನವೇ ಶಿಫಾರಸಿನ ದಿನವೂ ಆಗಿಹೋಗಿದೆ. ನನ್ನ ತಕರಾರು ಇರುವುದು ಇಲ್ಲೇ.

ಬೆಳಿಗ್ಗೆ ಬಂದ ಇಪ್ಪತ್ತು ಹಾಡುಗಳನ್ನು ಮಧ್ಯಾಹ್ನದೊಳಗೆ ಶಿಫಾರಸು ಮಾಡುವವರು ಅವುಗಳ ಜೊತೆ ಎಷ್ಟು ಹೊತ್ತು ಕೂತಿದ್ದಾರು? ಆ ಬರಹಗಳಲ್ಲಿ ಪದೇ ಪದೇ ಸಿಗುವ ‘ಮನಮುಟ್ಟುವ ಮಾಧುರ್ಯ’, ‘ಇಂಪಾದ ಕಂಠ’ ಯಾವ ಹಾಡಿಗೆ ಅಂಟಿಸಿದರೂ ಅಂಟುತ್ತವೆ. ಸಾಹಿತ್ಯ ಯಾರದು, ಪಲ್ಲವಿ ಎರಡನೇ ಸಲ ಬಂದಾಗ ಏನು ಬದಲಾಯಿತು, ಕೊಳಲು ನುಡಿಸಿದವರು ಯಾರು ಎಂಬ ಮಾತೇ ಇರುವುದಿಲ್ಲ. ಕನ್ನಡದ ಹಾಡಿನಲ್ಲಿ ಅರ್ಧ ಜೀವ ಸಾಹಿತ್ಯದ್ದು. ಬರೆದವರ ಹೆಸರನ್ನೇ ಬಿಟ್ಟ ಶಿಫಾರಸನ್ನು ನಾನು ನಂಬುವುದಿಲ್ಲ.

ಚರಣ್ ರಾಜ್ ಸಂಗೀತದ ಎರಡು ಉದಾಹರಣೆ ನೋಡಿ. 2018ರ ‘ಟಗರು’ ಚಿತ್ರದಲ್ಲಿ ಆಂಟೊನಿ ದಾಸನ್ ಹಾಡಿದ ಶೀರ್ಷಿಕೆ ಗೀತೆ ಮೊದಲ ಸಲಕ್ಕೇ ಹಿಡಿಯುತ್ತದೆ. ಅದರ ಒರಟು ದನಿ, ತಾಳದ ಗುದ್ದು ಎಲ್ಲವೂ ಎದುರಿಗೇ ನಿಂತಿವೆ. ಅಂಥ ಹಾಡನ್ನು ಬಂದ ದಿನವೇ ಹೊಗಳಬಹುದು. ಆದರೆ 2023ರ ‘ಸಪ್ತ ಸಾಗರದಾಚೆ ಎಲ್ಲೋ’ ಹಾಗಲ್ಲ. ಚಿತ್ರ ನೋಡುವ ಮೊದಲು ಕೇಳಿದರೆ ಅದರ ಹಾಡುಗಳು ನಿಧಾನಗತಿಯ ಪ್ರೇಮಗೀತೆಗಳು, ಅಷ್ಟೇ. ಚಿತ್ರದ ನಾಯಕಿ ಪ್ರಿಯಾಗೆ ಕಡಲೆಂದರೆ ಜೀವ. ಅವಳಿಗೆ ಒಳ್ಳೆಯ ಬದುಕು ಕಟ್ಟಿಕೊಡುವ ಆಸೆಯಿಂದ ಅವಳ ಪ್ರಿಯಕರ ಮನು ಬೇರೆಯವರ ಅಪರಾಧವನ್ನು ತಲೆಗೆ ಕಟ್ಟಿಕೊಂಡು ಜೈಲು ಸೇರುತ್ತಾನೆ. ಅದನ್ನು ಕಂಡ ಮೇಲೆ ಹಾಡಿನ ಕಡಲು ಅವರ ಕೈಗೆಟುಕದ ಬದುಕಾಗಿಬಿಡುತ್ತದೆ; ಹಿತವೆನಿಸಿದ್ದ ನಿಧಾನವೇ ಸಂಕಟ ಕೊಡತೊಡಗುತ್ತದೆ. ಚಿತ್ರ ಎರಡು ಭಾಗಗಳಲ್ಲಿ ಬಂತು: ಸೈಡ್ ಎ ಸೆಪ್ಟೆಂಬರಿನಲ್ಲಿ, ಸೈಡ್ ಬಿ ನವೆಂಬರಿನಲ್ಲಿ. ಕ್ಯಾಸೆಟ್ಟಿನ ಎರಡು ಮಗ್ಗುಲಿನಂಥ ಈ ಹೆಸರುಗಳು ಚಿತ್ರಕ್ಕೆ ಚೆನ್ನಾಗಿ ಒಪ್ಪುತ್ತವೆ: ತಿರುವಿ ಹಾಕಿ ಕೇಳದೆ ಈ ಸಂಗೀತ ಪೂರ್ತಿ ದಕ್ಕುವುದಿಲ್ಲ. ಮೊದಲ ಶುಕ್ರವಾರದ ತೀರ್ಪು ಇಂಥ ಕೃತಿಗೆ ಅನ್ಯಾಯ ಮಾಡುತ್ತದೆ.

ಈ ಆತುರ ಶಿಫಾರಸಿನದಷ್ಟೇ ಅಲ್ಲ. ಸ್ಪಾಟಿಫೈಯಲ್ಲಿ ಹಾಡನ್ನು ಮೂವತ್ತು ಸೆಕೆಂಡು ಕೇಳಿದರೆ ಸಾಕು, ಒಂದು ಸಲ ಕೇಳಿದ ಲೆಕ್ಕ. ಆತುರ ಹಾಡಿನ ಒಳಗೂ ನುಗ್ಗುತ್ತಿದೆ, ದೀರ್ಘ ಪೀಠಿಕೆಗೆ ಧೈರ್ಯ ಮಾಡುವವರು ಕಡಿಮೆಯಾಗುತ್ತಿದ್ದಾರೆ. ಶಿಫಾರಸು ಮಾಡುವವರಾದರೂ ಆ ಲೆಕ್ಕಕ್ಕೆ ಎದುರಾಗಿ ನಿಲ್ಲಬೇಡವೇ?

ಪಟ್ಟಿಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಸಿನಿಮಾ ಹಾಡಿಗೆ ನಾಯಕನ ಮುಖವಿದೆ, ಲಿರಿಕಲ್ ವಿಡಿಯೊ ಇದೆ, ಆಡಿಯೊ ಕಂಪನಿಯ ಬಲವಿದೆ. ಸ್ವಂತ ಖರ್ಚಿನಲ್ಲಿ ನಾಲ್ಕು ಹಾಡು ಮುದ್ರಿಸಿ ಬಿಟ್ಟ ಗಾಯಕಿಗೆ ಇದ್ಯಾವುದೂ ಇಲ್ಲ. ಅವಳ ಹೆಸರನ್ನು ಒಬ್ಬ ಓದುಗನಿಗೆ ಮುಟ್ಟಿಸಿದರೂ ಪಟ್ಟಿಗೆ ಅರ್ಥವಿದೆ. ದುರದೃಷ್ಟಕ್ಕೆ ಆ ಜಾಗವನ್ನೂ ಹೆಚ್ಚಾಗಿ ಎಲ್ಲರ ಕಿವಿಗೂ ಆಗಲೇ ಬಿದ್ದಿರುವ ಹಾಡೇ ತಿನ್ನುತ್ತದೆ.

ಹೊಸದರ ಪಕ್ಕದಲ್ಲಿ ಅದರ ಬೇರನ್ನೂ ಇಡುವುದು ನನಗೆ ಇಷ್ಟ. ಯಾವುದಾದರೂ ತಂಡ ಶಿಶುನಾಳ ಷರೀಫರ ತತ್ವಪದವನ್ನು ಗಿಟಾರಿಗೆ ಹೊಂದಿಸಿ ಬಿಡುಗಡೆ ಮಾಡಿದರೆ, ಸಿ. ಅಶ್ವತ್ಥ್ ಷರೀಫರನ್ನು ಹಾಡಿದ್ದನ್ನೂ, ರಘು ದೀಕ್ಷಿತ್ 2008ರ ಆಲ್ಬಮ್ಮಿನಲ್ಲಿ ಷರೀಫರದೇ ‘ಗುಡುಗುಡಿಯ ಸೇದಿ ನೋಡೋ’ ಹಾಡಿದ್ದನ್ನೂ ಜೊತೆಗೆ ಕೇಳಿಸಬೇಕು. ಆಗ ಹೊಸ ತಂಡ ಪದದ ಅರ್ಥ ತಿಳಿದು ಹಾಡುತ್ತಿದೆಯೋ, ಬರೀ ಲಯಕ್ಕೆ ಬಳಸುತ್ತಿದೆಯೋ ಎಂಬುದು ಕೇಳುಗನಿಗೇ ಗೊತ್ತಾಗುತ್ತದೆ.

ನಮ್ಮ ಪತ್ರಿಕೆಗಳು ವಾರಕ್ಕೆ ಒಂದೇ ಹಾಡು ಆರಿಸಲಿ. ಅದು ತಿಂಗಳ ಹಿಂದಿನದಾದರೂ ಚಿಂತೆಯಿಲ್ಲ. ಬರೆದವರು, ಸ್ವರ ಹಾಕಿದವರು, ನುಡಿಸಿದವರ ಹೆಸರುಗಳನ್ನು ಮೊದಲು ಅಚ್ಚುಮಾಡಿ, ಆಮೇಲೆ ಅದನ್ನು ಯಾಕೆ ಕೇಳಬೇಕೆಂದು ಇನ್ನೂರು ಪದಗಳಲ್ಲಿ ಹೇಳಲಿ.