ಹತ್ತು ಮೀಟರಿನ ಕುಶಲಕಲೆ

ಏರ್ ಪಿಸ್ತೂಲ್ ಸ್ಪರ್ಧೆಯ ಹಿರಿಮೆ ಅದರ ಅಳತೆಗಳಲ್ಲಿಯೇ ಗೋಚರಿಸುತ್ತದೆ: 10 ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತು ಅಂಕಗಳ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್, ಸ್ಪರ್ಧಿ ಒಂದೇ ಕೈಯನ್ನು ಆಸರೆಯಿಲ್ಲದೆ ಚಾಚಿ, 75 ನಿಮಿಷಗಳೊಳಗೆ 60 ಬಾರಿ ಅದಕ್ಕೆ ಗುರಿಯಿಡಬೇಕು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಈ ವಿಭಾಗದಲ್ಲಿಯೇ.

ಪಿಸ್ತೂಲಿನ ಆಯ್ಕೆಯಲ್ಲಿ ಅಂಗೈಯೇ ಅಳತೆಗೋಲು. ಮರದ ಹಿಡಿಕೆಯನ್ನು ಅರದಿಂದ ಉಜ್ಜಿ, ತಗ್ಗಿದ್ದಲ್ಲಿ ಪುಟ್ಟಿ ತುಂಬಿ, ಕಣ್ಣು ಮುಚ್ಚಿ ಕೈಯೆತ್ತಿದರೂ ಮುಂದಿನ ಸೈಟ್, ಅಂದರೆ ನಳಿಗೆಯ ತುದಿಯ ಗುರಿಗೂಟ, ಹಿಂದಿನ ಸೈಟಿನ ಕಂಡಿಯ ನಟ್ಟನಡುವೆ ನಿಲ್ಲುವವರೆಗೆ ಅದನ್ನು ತಿದ್ದುವ ತಾಳ್ಮೆ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ನಿಯಮದಂತೆ ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕು. ಅದರ ಮೊದಲ ಸಡಿಲ ಎಳೆತ ಮುಗಿದು ಬೆರಳಿಗೆ ತಡೆ ಸಿಗುವ ಬಿಂದುವನ್ನು ನುರಿತವರು ಕೂದಲೆಳೆಯಷ್ಟು ನಿಖರವಾಗಿ ಹೊಂದಿಸಿಕೊಳ್ಳುತ್ತಾರೆ.

ಪೆಲೆಟ್, ಅಂದರೆ ಪುಟ್ಟ ಗುಂಡು, ಹಾಕದೆ, ಬರಿಯ ಗೋಡೆಗೆ ಗುರಿಯಿಟ್ಟು ಟ್ರಿಗರ್ ಎಳೆಯುವ ಅಭ್ಯಾಸಕ್ಕೆ ಡ್ರೈ ಫೈರಿಂಗ್ ಎನ್ನುತ್ತಾರೆ. ಇದಕ್ಕೆ ಬೆಂಗಳೂರಿನ ಹೊಸಕೆರೆಹಳ್ಳಿ ಬಡಾವಣೆಯ ಪುಟ್ಟ ಕೋಣೆಯೂ ಸಾಕು. ದೃಷ್ಟಿ ಮುಂದಿನ ಸೈಟಿನ ಅಂಚಿನಲ್ಲಿ ನೆಟ್ಟಿರುವಾಗ ಬೆರಳು ಮಾತ್ರ ಚಲಿಸಿ, ಮಣಿಕಟ್ಟು ಅಲುಗದೆ ಉಳಿಯುವುದು ದೀರ್ಘ ಸಾಧನೆಯ ಫಲ.