ಮುಳ್ಳಿನ ಮಾತಿಗೆ ಎಷ್ಟು ಬೆಲೆ?

ಅಮೆರಿಕದ ಬಿಂಗ್‌ಹ್ಯಾಮ್‌ಟನ್ ಊರಿನ ಮೆಕಿಂಟಾಷ್ ಕಂಪನಿ 1960ರ ದಶಕದ ಕೊನೆಯ ಹೊತ್ತಿಗೆ ತಂದ ಎಂಸಿ 2105 ಆಂಪ್ಲಿಫೈಯರಿನ ಮುಖದ ಮೇಲೆ ಎರಡು ನೀಲಿ ಮೀಟರುಗಳಿವೆ. ಚಾನೆಲ್ಲಿಗೆ 105 ವ್ಯಾಟ್ ಕೊಡುವ ಈ ಯಂತ್ರದತ್ತ ಇವತ್ತಿಗೂ ಕಣ್ಣು ಹಾಯುವುದು ಆ ಮೀಟರುಗಳಿಂದಲೇ. ಮಾರುವವರಿಗೆ ಅದು ಚೆನ್ನಾಗಿ ಗೊತ್ತು. ‘ಮೀಟರ್ ಕ್ಯಾಲಿಬ್ರೇಟ್ ಮಾಡಿಸಿದೆ’ ಎಂಬ ಒಂದು ಸಾಲು ಸೇರಿಸಿದರೆ ಹಳೆಯ ಯಂತ್ರಕ್ಕೆ ಹೊಸ ಮರ್ಯಾದೆ ಬರುತ್ತದೆ. ಆ ಸಾಲಿನ ಹಿಂದಿನ ಕೆಲಸದಲ್ಲಿ ಹುರುಳೆಷ್ಟು, ತೋರಿಕೆಯೆಷ್ಟು ಎಂದು ಕೇಳುವವರು ಕಡಿಮೆ.

ಮೊದಲ ತಕರಾರು ಮೀಟರಿನ ಮೇಲೆಯೇ. ಅಂಕಪಟ್ಟಿಯಲ್ಲಿ ವ್ಯಾಟ್ ಎಂದು ಬರೆದಿದ್ದರೂ ಆ ಕಾಲದ ಬಹುತೇಕ ಮೀಟರುಗಳು ಅಳೆಯುವುದು ವೋಲ್ಟೇಜನ್ನು. ಸ್ಪೀಕರ್ 8 ಓಮ್ ಎಂದು ಮೊದಲೇ ಹಿಡಿದು, ವೋಲ್ಟೇಜಿನ ವರ್ಗವನ್ನು ಎಂಟರಿಂದ ಭಾಗಿಸಿದ ಲೆಕ್ಕವನ್ನು ಅಂಕಪಟ್ಟಿಗೆ ಅಚ್ಚು ಹಾಕಿರುತ್ತಾರೆ. 20 ವೋಲ್ಟ್ ಬಂದರೆ ಮುಳ್ಳು 50 ವ್ಯಾಟ್ ತೋರಿಸುತ್ತದೆ. ಆ ಗಳಿಗೆಯಲ್ಲಿ ಸ್ಪೀಕರ್ ಒಡ್ಡುವ ತಡೆ, ಅಂದರೆ ಇಂಪೀಡೆನ್ಸ್, 4 ಓಮ್‌ಗೆ ಇಳಿದಿದ್ದರೆ ನಿಜವಾಗಿ ಹೋಗುತ್ತಿರುವುದು ಸುಮಾರು 100 ವ್ಯಾಟ್. ಬಾಸ್ ಅನುರಣನದ ಬಳಿ 32 ಓಮ್‌ಗೆ ಏರಿದ್ದರೆ ಬರೀ 12.5. ಸ್ಪೀಕರಿನ ಇಂಪೀಡೆನ್ಸ್ ಸ್ವರದಿಂದ ಸ್ವರಕ್ಕೆ ಬದಲಾಗುತ್ತಲೇ ಇರುತ್ತದೆ. ಮೆಕಿಂಟಾಷ್‌ನವರು ಆಟೋಫಾರ್ಮರ್ ಎಂಬ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಟ್ಟು 4, 8, 16 ಓಮ್‌ಗಳಿಗೆ ಬೇರೆ ಬೇರೆ ಟರ್ಮಿನಲ್ ಕೊಟ್ಟರು ನಿಜ. ಅದರಿಂದ ಹೊಂದಾಣಿಕೆ ಸುಲಭವಾಯಿತೇ ಹೊರತು ಇಂಪೀಡೆನ್ಸಿನ ಏರಿಳಿತ ನಿಲ್ಲಲಿಲ್ಲ.

ಎರಡನೆಯದು ಕಿವಿಯ ಲೆಕ್ಕ. ವೋಲ್ಟೇಜಿನಲ್ಲಿ ಶೇಕಡ 10ರಷ್ಟು ಹೆಚ್ಚು ತೋರಿಸಿದರೆ ವ್ಯಾಟಿನಲ್ಲಿ ಶೇಕಡ 21ರಷ್ಟು ತಪ್ಪಾಗುತ್ತದೆ. ಕೇಳುವುದಕ್ಕೆ ದೊಡ್ಡ ತಪ್ಪು, ಆದರೆ ಡೆಸಿಬೆಲ್‌ನಲ್ಲಿ ಅದು ಒಂದಕ್ಕಿಂತ ಕಡಿಮೆ. ಸಂಗೀತ ಕೇಳುತ್ತಾ ಕೂತವರಿಗೆ ಇದು ಗಮನಕ್ಕೂ ಬರಲಿಕ್ಕಿಲ್ಲ. ಹೀಗಿರುವಾಗ 100ರ ಗೆರೆಯ ಮೇಲೆ ಮುಳ್ಳನ್ನು ಕೂದಲೆಳೆಯಷ್ಟೂ ತಪ್ಪದಂತೆ ನಿಲ್ಲಿಸುವ ಹಟಕ್ಕೆ ಅರ್ಥವಿಲ್ಲ.

ಹಾಗೆಂದು ಕೆಲಸವೇ ವ್ಯರ್ಥವಲ್ಲ. ಕ್ರಮವಾಗಿ ಮಾಡಿದರೆ ಕ್ಯಾಲಿಬ್ರೇಷನ್ ಇಡೀ ಆಂಪ್ಲಿಫೈಯರಿನ ತಪಾಸಣೆಯಾಗುತ್ತದೆ. ಯಂತ್ರ ಆರಿಸಿರುವಾಗ ಮುಂಭಾಗದ ತಿರುಪಿನಿಂದ ಮುಳ್ಳನ್ನು ಸೊನ್ನೆಗೆ ತರಬೇಕು. ಆನ್ ಮಾಡಿ ಬಿಸಿಯಾಗಲು ಬಿಟ್ಟು, ಬಯಾಸ್ ಸರಿಯಿದೆಯೇ ನೋಡಬೇಕು. ಸ್ಪೀಕರಿನ ಜಾಗದಲ್ಲಿ 100 ವ್ಯಾಟಿನ ಬಿಸಿ ತಾಳಬಲ್ಲ 8 ಓಮ್ ರೆಸಿಸ್ಟರ್ ಜೋಡಿಸಿ, 1 ಕಿಲೋಹರ್ಟ್ಸ್ ಸೈನ್ ಅಲೆ ಕೊಟ್ಟು, ಅಲೆಯ ತಲೆ ಕತ್ತರಿಸಿಹೋಗುತ್ತಿಲ್ಲ ಎಂದು ಆಸಿಲೋಸ್ಕೋಪಿನಲ್ಲಿ ಖಾತ್ರಿ ಮಾಡಿಕೊಳ್ಳಬೇಕು. ರೆಸಿಸ್ಟರಿನ ತುದಿಗಳಲ್ಲಿ 28.28 ವೋಲ್ಟ್ ಬಂದಾಗ 100 ವ್ಯಾಟ್. ಮೀಟರಿನ ಅಳತೆ ಹೊಂದಿಸುವ ಟ್ರಿಮ್ಮರ್ ಮುಟ್ಟಬೇಕಾದದ್ದು ಆಗ. ಮನೆಯ ಕರೆಂಟಿನ 50 ಹರ್ಟ್ಸ್‌ಗೆಂದೇ ಮಾಡಿದ ಅಗ್ಗದ ಮಲ್ಟಿಮೀಟರನ್ನು 1 ಕಿಲೋಹರ್ಟ್ಸ್‌ನಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ.

ಈ ಕ್ರಮ ತಪ್ಪಿದರೆ ಕ್ಯಾಲಿಬ್ರೇಷನ್ ಮೋಸಕ್ಕೆ ದಾರಿಯಾಗುತ್ತದೆ. ಎಡ, ಬಲ ಎರಡಕ್ಕೂ ಒಂದೇ ಸಿಗ್ನಲ್ ಕೊಟ್ಟಾಗ ಎಡಗಡೆ ಮುಳ್ಳು ಹಿಂದೆ ಬಿದ್ದಿತೆನ್ನಿ. ಔಟ್‌ಪುಟ್ ಅಳೆಯದೆ ಟ್ರಿಮ್ಮರ್ ತಿರುಗಿಸಿ ಎರಡನ್ನೂ ಸರಿಸಮ ಮಾಡುವವರಿದ್ದಾರೆ. ಎಡ ಚಾನೆಲ್ಲಿನ ಗೇನ್ ಕುಸಿದಿದ್ದರೆ ಆ ರೋಗ ಮುಚ್ಚಿಹೋಯಿತು. ಯಂತ್ರ ನಿಜ ಹೇಳುತ್ತಿದ್ದಾಗ ಅದರ ಬಾಯಿ ಕಟ್ಟಿದ ಕೆಲಸವಿದು.

ಮೇಲಿನ ತುದಿ ಸರಿಯಾದ ಮಾತ್ರಕ್ಕೆ ಕೆಳಗಿನದೂ ಸರಿಯಾಗುವುದಿಲ್ಲ. ಮುಳ್ಳು ವೋಲ್ಟೇಜಿಗೆ ನೇರವಾಗಿ ಚಲಿಸುವ 100 ವ್ಯಾಟಿನ ಮೀಟರಿನಲ್ಲಿ 1 ವ್ಯಾಟ್ ಬೀಳುವುದು ದಾರಿಯ ಹತ್ತನೇ ಒಂದು ಭಾಗದಲ್ಲಿ. ಮನೆಯಲ್ಲಿ ಕೇಳುವ ಸಂಗೀತ ಹೆಚ್ಚಾಗಿ ಅದರ ಆಸುಪಾಸಿನಲ್ಲೇ ಇರುವುದರಿಂದ ಮುಳ್ಳು ಕದಲಿದ್ದೇ ಕಾಣಿಸದು. ಅದಕ್ಕೆಂದೇ ಕೆಲವರು ರೇಂಜ್ ಸ್ವಿಚ್ ಇಟ್ಟರು. ಇನ್ನು ಕೆಲವರು ಡಯೋಡ್, ಟ್ರಾನ್ಸಿಸ್ಟರುಗಳ ಗುಣ ಬಳಸಿ 0.01ರಿಂದ 100 ವ್ಯಾಟಿನವರೆಗಿನ 40 ಡೆಸಿಬೆಲ್ಲನ್ನು ಒಂದೇ ಪಟ್ಟಿಯಲ್ಲಿ ಹಿಡಿಸಿದರು. ಡಯೋಡಿನ ವೋಲ್ಟೇಜ್ ಬಿಸಿಯೊಂದಿಗೆ ಬದಲಾಗುತ್ತದೆ. ಆದ್ದರಿಂದ 28.28 ವೋಲ್ಟಿಗೆ ತಾಳೆ ನೋಡಿದವರು 8.94 ವೋಲ್ಟಿಗೆ 10 ವ್ಯಾಟ್, 2.83 ವೋಲ್ಟಿಗೆ 1 ವ್ಯಾಟ್ ಬರುತ್ತದೆಯೇ ಎಂದೂ ನೋಡಬೇಕು. ಕೇಳುಗನ ಕಣ್ಣು ನೋಡುವುದು ಈ ಕೆಳಗಿನ ಭಾಗವನ್ನೇ.

ನನ್ನ ಮುಖ್ಯ ಆಕ್ಷೇಪ ಇನ್ನೊಂದಿದೆ. ಸೈನ್ ಅಲೆ ಏರಿಳಿಯದೆ ನಿಂತ ಸಿಗ್ನಲ್, ಸಂಗೀತ ನಿಲ್ಲುವಂಥದ್ದಲ್ಲ. ರೇಡಿಯೊ ಕೇಂದ್ರಗಳ ವಿಯು ಮೀಟರಿನ ಮುಳ್ಳು ಏರಲು 300 ಮಿಲಿಸೆಕೆಂಡ್ ಬೇಕೆಂದು ನಿಗದಿಯಾಗಿತ್ತು. ಡ್ರಮ್ಮಿನ ಏಟಿನ ಶಿಖರ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿರುತ್ತದೆ. ಪೀಕ್ ಮೀಟರುಗಳಲ್ಲಿ ಆ ಕ್ಷಣವನ್ನು ಒಂದು ಕೆಪಾಸಿಟರ್ ಹಿಡಿದಿಟ್ಟು, ಮುಳ್ಳು ತಲುಪುವ ತನಕ ಕಾಯುತ್ತದೆ. ಆಮೇಲೆ ಅದು ಎಷ್ಟು ನಿಧಾನಕ್ಕೆ ಬರಿದಾಗುತ್ತದೋ ಅಷ್ಟು ಗಾಂಭೀರ್ಯದಿಂದ ಮುಳ್ಳು ಇಳಿಯುತ್ತದೆ. ದಶಕಗಳಲ್ಲಿ ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇದ್ದರೆ ಮುಳ್ಳು ಅರ್ಧಕ್ಕೇ ಏರಿ ದಡಬಡಿಸಿ ಬೀಳಬಹುದು. ನಿಂತ ಸೈನ್ ಅಲೆಯ ಪರೀಕ್ಷೆಯಲ್ಲಿ ಇಂಥ ಮೀಟರೂ ಪಾಸಾಗಬಲ್ಲದು! ಬಿಟ್ಟು ಬಿಟ್ಟು ಬರುವ ಚಿಕ್ಕ ಟೋನ್ ತುಣುಕುಗಳನ್ನು ಕೊಟ್ಟು ಎರಡೂ ಮುಳ್ಳುಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆಯೇ ಎಂದು ನೋಡದ ಕ್ಯಾಲಿಬ್ರೇಷನ್ ಅರೆಬರೆ.

ಉಳಿದದ್ದು ನಿಗಾ. ಪ್ಲಾಸ್ಟಿಕ್ ಮುಖವನ್ನು ಒಣಬಟ್ಟೆಯಿಂದ ತಿಕ್ಕಿದರೆ ಸ್ಥಿರ ವಿದ್ಯುತ್ ಹುಟ್ಟಿ ಮುಳ್ಳು ಅಂಟಿಕೊಳ್ಳಬಹುದು. ಒಳಗೆ ಅಯಸ್ಕಾಂತವಿರುವುದರಿಂದ ಕಬ್ಬಿಣದ ಪುಡಿಯಿರುವ ಮೇಜಿನ ಮೇಲೆ ಮೀಟರ್ ಬಿಚ್ಚುವಂತಿಲ್ಲ. ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿದರೆ ಬಿಸಿ ಕಡಿಮೆಯಾಗುತ್ತದೆ, ಆದರೆ ತಂತು ಬಲ್ಬಿನ ಹಳದಿ ಬೆಳಕಿಗೆಂದು ಮಾಡಿದ ಫಿಲ್ಟರಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಬೇರೆಯದೇ ನೀಲಿ ಬರುತ್ತದೆ. ಬಣ್ಣ ಹೊಂದಿಸುವ ತಾಳ್ಮೆ ಇಲ್ಲದವರು ಬಲ್ಬನ್ನೇ ಉಳಿಸುವುದು ಲೇಸು.

ಹಳೆಯ ಆಂಪ್ಲಿಫೈಯರ್ ರಿಪೇರಿ ಮಾಡಿಸುವವರು ಮೀಟರ್ 100 ತೋರಿಸುತ್ತದೆಯೇ ಎಂದು ಕೇಳುವುದನ್ನು ಬಿಡಲಿ. ಯಾವ ಲೋಡಿಗೆ, ಎಷ್ಟು ವೋಲ್ಟಿಗೆ, ಎಷ್ಟು ಕಡೆ ತಾಳೆ ನೋಡಿದಿರಿ, ಮುಳ್ಳುಗಳ ಓಟ ಪರೀಕ್ಷಿಸಿದಿರಾ ಎಂದು ಕೇಳಲಿ. ಇವಕ್ಕೆ ಉತ್ತರ ಸಿಗದಿದ್ದರೆ ಟ್ರಿಮ್ಮರ್ ತಿರುಗಿಸಿದ್ದಕ್ಕೆ ಕೂಲಿ ಕೊಡುವ ಅಗತ್ಯವಿಲ್ಲ.