ಮನೆಗೆ ರೂಟರ್ ಬಂತು, ಕೀಲಿಕೈ ಬರಲಿಲ್ಲ

"ನನ್ ಫೋನ್ ನಂಬರೇ ಪಾಸ್‌ವರ್ಡು ಮಡಗವ್ನೆ ಕನ ಮಗ, ಮರೆತೋಯ್ತು ಅನ್ನಂಗಿಲ್ಲ" ಎಂದು ಪುಣಜನೂರಿನ ನನ್ನ ಸೋದರತ್ತೆ ಟಿವಿ ಪಕ್ಕದ ಬಿಳಿ ಡಬ್ಬಿಯನ್ನು ತೋರಿಸಿದರು. ಡಬ್ಬಿಯ ಮೇಲೆ ಕ್ರೋಶಾ ಹಾಕಿದ ಬಟ್ಟೆ, ಅದರ ಮೇಲೊಂದು ಪ್ಲಾಸ್ಟಿಕ್ ಹೂವು. ಅಡಿಯಲ್ಲಿ ಅಂಟಿಸಿದ್ದ ಚೀಟಿಯನ್ನು ತಿರುಗಿಸಿ ನೋಡಿದೆ. ಕಾರ್ಖಾನೆಯಿಂದ ಬಂದ ಬಳಕೆದಾರನ ಹೆಸರು, ಪಾಸ್‌ವರ್ಡ್ ಎರಡೂ ಒಂದೇ: ಅಡ್ಮಿನ್, ಅಡ್ಮಿನ್. ಫೋನಿನಲ್ಲಿ 192.168.1.1 ಎಂದು ಒತ್ತಿ ಅವೆರಡನ್ನೂ ಹಾಕಿದೆ. ಬಾಗಿಲು ತೆರೆಯಿತು.

ನಮ್ಮ ಮನೆಗಳಿಗೆ ಇಂಟರ್ನೆಟ್ ಕೊಡುವ ಪದ್ಧತಿಯನ್ನು ಒಂದು ಕಸುಬೆಂದು ಎಣಿಸಿ, ಅದರ ಗುಣದೋಷ ನೋಡಬೇಕೆಂದು ನನಗೆ ಅನ್ನಿಸಿದ್ದು ಆಗ.

ಮೊದಲು ಗುಣ. ಪುಣಜನೂರು ಇರುವುದು ಚಾಮರಾಜನಗರದಿಂದ ಹಾಸನೂರು, ದಿಂಬಂ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ. ಇಲ್ಲಿಂದ ತಲಮಲೆ ಕಾಡಿಗೆ ಆನೆಗಳು ದಾಟುವ ದಾರಿ ದೇಶದ ಆನೆ ಕಾರಿಡಾರ್‌ಗಳ ಪಟ್ಟಿಯಲ್ಲೇ ಇದೆ. ಇಂಥ ಕಡೆ ಕೂದಲೆಳೆಯಂಥ ಗಾಜಿನ ಎಳೆಯನ್ನು ಕಂಬದಿಂದ ಕಂಬಕ್ಕೆ ಎಳೆದು, ಮಂಗ ಕಡಿದಲ್ಲಿ ಮತ್ತೆ ಬೆಸೆದು, ಬೆಳಕು ಎಷ್ಟು ತಲುಪುತ್ತಿದೆ ಎಂದು ಮೀಟರಿನಲ್ಲಿ ಅಳೆದು, ಡಬ್ಬಿಯ ಕೆಂಪು ದೀಪ ಆರುವವರೆಗೆ ಏಣಿ ಇಳಿಯದ ಹುಡುಗರ ಕೆಲಸ ಸಣ್ಣದಲ್ಲ. ಸಿಗ್ನಲ್ ಸಿಗಲೆಂದು ಅತ್ತೆ ಹಿತ್ತಲ ಹುಣಸೆ ಮರದಡಿ ನಿಂತು ಮಗನ ಜೊತೆ ಮಾತಾಡುತ್ತಿದ್ದುದನ್ನು ಕಂಡವನು ನಾನು. ಈಗ ಒಲೆಯ ಮುಂದೆ ಕೂತೇ ಮಾತಾಡುತ್ತಾರೆ. ಬೆಸುಗೆಯಲ್ಲಿ ಈ ಕಸುಬಿಗೆ ಪೂರ್ತಿ ಅಂಕ ಕೊಡುತ್ತೇನೆ.

ದೋಷ ಇರುವುದು ಹಸಿರು ದೀಪ ಹತ್ತಿದ ನಂತರದ ಮೂರು ನಿಮಿಷದಲ್ಲಿ. ಹುಡುಗ ತನ್ನದೇ ಫೋನಿನಲ್ಲಿ ಪುಟ ತೆರೆದ, ವೈಫೈಗೆ ಮನೆಯ ಹೆಸರಿಟ್ಟ, ಅತ್ತೆಯ ಮೊಬೈಲ್ ನಂಬರನ್ನು ಪಾಸ್‌ವರ್ಡ್ ಮಾಡಿದ, ದುಡ್ಡು ಎಣಿಸಿಕೊಂಡು ಹೋದ. ಈ ಡಬ್ಬಿಗೆ ಎರಡು ಪಾಸ್‌ವರ್ಡ್ ಇವೆ ಎಂಬುದನ್ನು ಹೇಳಲಿಲ್ಲ. ವೈಫೈ ಪಾಸ್‌ವರ್ಡ್ ಇದ್ದವರು ಮನೆಯೊಳಗೆ ಬಂದು ಕೂರಬಹುದು. ಆಡಳಿತದ ಪಾಸ್‌ವರ್ಡ್ ಇದ್ದವರು ಮನೆಯ ಬಾಗಿಲನ್ನೇ ಕಿತ್ತು ಬೇರೆ ಗೋಡೆಗೆ ಇಡಬಹುದು. ಯಾವ ಹೆಸರು ಯಾವ ವಿಳಾಸಕ್ಕೆ ಸೇರಿದ್ದು ಎಂದು ಡಬ್ಬಿ ಯಾರನ್ನು ಕೇಳಬೇಕೋ ಆ ಜಾಗದಲ್ಲಿ ತಮ್ಮ ಯಂತ್ರವನ್ನು ಕೂರಿಸಿದರೆ, ಬ್ಯಾಂಕಿನ ಹೆಸರು ಒತ್ತಿದವರನ್ನು ಬ್ಯಾಂಕಿನಂತೆ ಕಾಣುವ ಬೇರೆ ಪುಟಕ್ಕೆ ಕಳಿಸಬಹುದು. ಫೋನಿನಲ್ಲಿ ಏನೂ ಬದಲಾದಂತೆ ಕಾಣುವುದಿಲ್ಲ. ಜಾಗರೂಕರಿಗೆ ಬ್ರೌಸರಿನ ಎಚ್ಚರಿಕೆ ಕಂಡೀತು. ಅದನ್ನು ಓದದೆ ಮುಂದೆ ಒತ್ತುವವರೇ ಹೆಚ್ಚು.

ಇದು ಬರೀ ಹೆದರಿಕೆಯ ಮಾತಲ್ಲ, ನಮ್ಮ ರಾಜ್ಯದಲ್ಲೇ ನಡೆದದ್ದಿದೆ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯ ಸೇರಿದಂತೆ ದೇಶದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಿಗೆ ಕುತಂತ್ರಾಂಶ ನುಗ್ಗಿತು. ಸುಮಾರು 60,000 ಮೋಡೆಮ್‌ಗಳಿಗೆ ಪೆಟ್ಟು ಬಿತ್ತೆಂದು ಆಗ ವರದಿಯಾಯಿತು. ಪೆಟ್ಟು ತಿಂದವು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಡಬ್ಬಿಗಳು. ಸಂಸ್ಥೆ ಗ್ರಾಹಕರಿಗೆ ಪಾಸ್‌ವರ್ಡ್ ಬದಲಾಯಿಸಿಕೊಳ್ಳಲು ಹೇಳಿತು. ಹೇಳಿದ್ದು ಸರಿಯೇ. ಆದರೆ ಇದೆ ಎಂದೇ ಗೊತ್ತಿಲ್ಲದ ಬೀಗವನ್ನು ಬದಲಾಯಿಸುವುದು ಹೇಗೆ? ಹಿಂದಿನ ವರ್ಷವಷ್ಟೇ, 2016ರಲ್ಲಿ, ಮಿರಾಯ್ ಎಂಬ ಕುತಂತ್ರಾಂಶ ಅರವತ್ತರಷ್ಟು ಕಾರ್ಖಾನೆ ಪಾಸ್‌ವರ್ಡ್‌ಗಳ ಪಟ್ಟಿಯೊಂದನ್ನು ಹಿಡಿದು ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡಿತ್ತು. ಅಷ್ಟಾದ ಮೇಲೂ ಪುಣಜನೂರಿನ ಈ ಡಬ್ಬಿ ಅದೇ ಅಡ್ಮಿನ್ ಜೊತೆ ಬಂದು ಕೂತಿದೆ.

ಇನ್ನು ಫೋನ್ ನಂಬರಿನ ವಿಚಾರ. ಅತ್ತೆಯ ನಂಬರ್ ಹಾಲಿನ ಡೈರಿಯ ಪುಸ್ತಕದಲ್ಲಿದೆ, ಸಂಘದ ಪಟ್ಟಿಯಲ್ಲಿದೆ, ಊರಿನ ಅರ್ಧ ಫೋನುಗಳಲ್ಲಿದೆ. ಗೊತ್ತಿಲ್ಲದವನಿಗೂ ಅದು ದೊಡ್ಡ ಅಡ್ಡಿಯಲ್ಲ. ನಮ್ಮ ಮೊಬೈಲ್ ನಂಬರ್‌ಗಳು 6, 7, 8, 9ರಿಂದ ಶುರುವಾಗುತ್ತವೆ, ಹಾಗಾಗಿ ಇರಬಹುದಾದ ನಂಬರ್‌ಗಳು ಒಟ್ಟು 400 ಕೋಟಿ. ಫೋನು ಡಬ್ಬಿಗೆ ಸೇರುವಾಗ ಎರಡರ ನಡುವೆ ನಡೆಯುವ ಗುರುತು ಹೇಳುವ ಮಾತನ್ನು ರಸ್ತೆಯಲ್ಲಿ ನಿಂತು ಹಿಡಿದುಕೊಂಡವನು, ಆಮೇಲೆ ಎಲ್ಲೋ ಕೂತು ಊಹೆ ಹಚ್ಚಬಹುದು. ಆಟಕ್ಕೆಂದು ಮಾರುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ವೈಫೈನ ಡಬ್ಲ್ಯೂಪಿಎ2 ಬೀಗದ ಮೇಲೆ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಊಹೆ ಮಾಡುತ್ತದೆ. ಹತ್ತು ಲಕ್ಷವೆಂದೇ ಲೆಕ್ಕ ಹಿಡಿದರೂ ಎಲ್ಲ ನಂಬರ್ ಮುಗಿಯಲು ಒಂದು ಗಂಟೆ ಏಳು ನಿಮಿಷ.

ಹಾಗೆಂದು ಆ ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಅವನ ಕೂಲಿ ಕನೆಕ್ಷನ್ ಲೆಕ್ಕದಲ್ಲಿ. ಮನೆಯವರು ಪಾಸ್‌ವರ್ಡ್ ಮರೆತರೆ ಕಾಡಿನ ದಾರಿಯಲ್ಲಿ ಮತ್ತೆ ಬೈಕ್ ಓಡಿಸಿಕೊಂಡು ಬರಬೇಕಾದವನು ಅವನೇ, ಅದಕ್ಕೆ ಬೇರೆ ಕೂಲಿಯಿಲ್ಲ. ಫೋನ್ ನಂಬರ್ ಅವನ ಮಟ್ಟಿಗೆ ಬುದ್ಧಿವಂತ ಪರಿಹಾರ. ತಪ್ಪು ಇದನ್ನೆಲ್ಲ ಮನೆಯವರಿಗೆ ತಿಳಿಸಿ ಹೇಳುವ ಹತ್ತು ನಿಮಿಷಕ್ಕೆ ಅವನಿಗೆ ಕೂಲಿ ಕೊಡದ ವ್ಯವಸ್ಥೆಯದು. ಡಬ್ಬಿಯ ಜೊತೆ ಬಂದ ಮಡಿಕೆ ಕಾಗದವನ್ನೂ ಬಿಡಿಸಿ ಓದಿದೆ. ಪೂರ್ತಿ ಇಂಗ್ಲಿಷ್. ಯಾವ ವೈರು ಯಾವ ತೂತಿಗೆ ಎಂಬ ಚಿತ್ರಕ್ಕೆ ಮುಕ್ಕಾಲು ಪುಟ, ಪಾಸ್‌ವರ್ಡ್ ಬದಲಾಯಿಸಿ ಎಂಬುದಕ್ಕೆ ಕೊನೆಯಲ್ಲಿ ಅರ್ಧ ಸಾಲು. ವೈರು ಚುಚ್ಚುವುದನ್ನು ಮನೆಯವರು ಯಾವತ್ತೂ ಮಾಡುವುದಿಲ್ಲ, ಅದಕ್ಕೆ ಹುಡುಗ ಬರುತ್ತಾನೆ. ಮನೆಯವರು ಮಾಡಲೇಬೇಕಾದ ಒಂದೇ ಕೆಲಸಕ್ಕೆ ಅರ್ಧ ಸಾಲು, ಅದೂ ಅವರು ಓದದ ಭಾಷೆಯಲ್ಲಿ. ಒಂದು ಕೃತಿಯಾಗಿ ನೋಡಿದರೆ ಈ ಕಾಗದ ತನ್ನ ಓದುಗರು ಯಾರೆಂದೇ ಯೋಚಿಸಿಲ್ಲ.

ಕಾನೂನು ಈ ಕಡೆ ಬರುತ್ತಿದೆ. ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ನಿಷೇಧಿಸಿದೆ. ನಮ್ಮ ದೂರಸಂಪರ್ಕ ಇಲಾಖೆಯ ತಾಂತ್ರಿಕ ಕೇಂದ್ರ ಟಿಇಸಿ 2021ರಲ್ಲಿ ಇಂಥ ಉಪಕರಣಗಳಿಗೆಂದು ಹೊರಡಿಸಿದ ಸಂಹಿತೆ ಕೂಡ ಮೊದಲಿಗೆ ಹೇಳುವುದು ಇದನ್ನೇ. ವೈಫೈ ಉಪಕರಣಗಳ ಸುರಕ್ಷತೆಯ ಪ್ರಮಾಣಪತ್ರ ನೋಡಿಕೊಳ್ಳುವ ರಾಷ್ಟ್ರೀಯ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ಇವೆಲ್ಲ ಬೇಕು. ಆದರೆ ಇವು ಪರೀಕ್ಷಿಸುವುದು ಡಬ್ಬಿಯನ್ನು. ಡಬ್ಬಿ ಗೋಡೆಗೆ ಏರಿದ ಮೇಲೆ ಅದರ ಯಜಮಾನರು ಯಾರು ಎಂಬುದನ್ನು ಪರೀಕ್ಷಿಸುವವರಿಲ್ಲ.

ಆ ಸಂಜೆ ಕರೆಂಟ್ ಇದ್ದ ಹೊತ್ತು ನೋಡಿ ಅತ್ತೆಯ ಮೊಮ್ಮಗಳನ್ನು ಕೂರಿಸಿಕೊಂಡೆ. ಪಿಯುಸಿ ಓದುವ ಹುಡುಗಿ. ಒತ್ತುವುದೆಲ್ಲ ಅವಳೇ ಒತ್ತಬೇಕು, ನಾನು ಬರೀ ಹೇಳುವುದು ಎಂದು ಮೊದಲೇ ಒಪ್ಪಂದ. ಆಡಳಿತದ ಪಾಸ್‌ವರ್ಡ್ ಬದಲಾಯಿತು. ಗುಂಡಿ ಒತ್ತಿ ಸೇರಿಸುವ ಡಬ್ಲ್ಯೂಪಿಎಸ್ ನಿಲ್ಲಿಸಿದಳು. ಅದರ ಎಂಟಂಕಿಯ ಪಿನ್ ಅನ್ನು ಹೆಚ್ಚೆಂದರೆ 11,000 ಊಹೆಗಳಲ್ಲಿ ಹಿಡಿಯಬಹುದು ಎಂದು 2011ರಲ್ಲೇ ತೋರಿಸಿಕೊಟ್ಟಿದ್ದಾರೆ. ಹೊರಗಿನಿಂದ ಡಬ್ಬಿಯ ಪುಟ ತೆರೆಯುವ ಸೌಲಭ್ಯ ಮುಚ್ಚಿದಳು. ದುರಸ್ತಿಗೆಂದು ಕಂಪನಿ ತನ್ನದೇ ಒಂದು ಖಾತೆಯನ್ನು ಒಳಗೆ ಇಟ್ಟುಕೊಂಡಿತ್ತು, ಅದಕ್ಕೆ ನಮ್ಮ ಕೈ ಹೋಗಲಿಲ್ಲ. ಇಟ್ಟುಕೊಳ್ಳಲಿ, ದೂರದಿಂದ ರಿಪೇರಿಗೆ ಅದು ಬೇಕು. ಇಟ್ಟುಕೊಂಡಿದ್ದೇವೆ ಎಂದು ಮನೆಯವರಿಗೆ ಹೇಳಬೇಡವೇ?

ಡಬ್ಬಿಯೊಳಗಿನ ತಂತ್ರಾಂಶವನ್ನೂ ಹೊಸದು ಮಾಡಿದಳು. ನಡುವೆ ಕರೆಂಟ್ ಹೋದರೆ ಡಬ್ಬಿ ಕೆಡಬಹುದೆಂದು ಅಷ್ಟೂ ಹೊತ್ತು ನಾವು ಬಲ್ಬನ್ನೇ ನೋಡುತ್ತ ಕೂತಿದ್ದೆವು. "ಇದೇನ್ ಮಾಡ್ತದೆ ಮಗ ಒಳಗೆ?" ಎಂದು ಅತ್ತೆ ಕೇಳಿದರು. ಊರ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ ಬರೆದುಕೊಳ್ಳುವುದನ್ನು ಅವರು ಜೀವಮಾನವಿಡೀ ಕಂಡವರು. ಮನೆಯಿಂದ ಹೊರಟದ್ದನ್ನೆಲ್ಲ ಬರೆದಿಟ್ಟುಕೊಂಡು, ಅದಕ್ಕೆ ಉತ್ತರವಾಗಿ ಬಂದದ್ದನ್ನು ಮಾತ್ರ ಒಳಗೆ ಬಿಡುತ್ತದೆ ಅತ್ತೆ ಎಂದೆ. "ಗೇಟಿನ ಬೀಗದ ಕೈ ಯಾರತ್ರ?" ಎಂದು ತಿರುಗಿ ಕೇಳಿದರು. ಮಡಿಕೆ ಕಾಗದ ಬರೆದವರಿಗೆ ಹೊಳೆಯದ ಪ್ರಶ್ನೆ.

ವೈಫೈ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಮಾತುಗಳನ್ನು ಅತ್ತೆಯೇ ಆರಿಸಿದರು. ನಿಜವಾದವನ್ನು ಬರೆಯಲಾರೆ, ಹುಚ್ಚೆಳ್ಳು, ಒನಕೆ, ಮೂಗುದಾರ, ತಗಡು ಎಂಬಂಥವು. ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು, ಆದರೆ ಅವು ಇಂಗ್ಲಿಷ್ ಕೀಲಿಮಣೆಯ ಅಕ್ಷರ, ಅಂಕಿ, ಚಿಹ್ನೆಗಳೇ ಆಗಬೇಕು. ಹುಚ್ಚೆಳ್ಳನ್ನು ಇಂಗ್ಲಿಷಿನಲ್ಲಿ ಹತ್ತು ಜನ ಹತ್ತು ತರ ಬರೆಯುತ್ತಾರೆ, ಊಹಿಸುವವನಿಗೆ ಅದೂ ಒಂದು ತೊಡಕು. ಎರಡೂ ಪಾಸ್‌ವರ್ಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದೆವು. ಬರೆದಿಡಬಾರದು ಎಂಬ ಉಪದೇಶ ಕಚೇರಿಗೆ ಸರಿ, ಮನೆಗೆ ಒಪ್ಪುವುದಿಲ್ಲ. ಡಬ್ಬಿಗೆ ಬರುವ ಕಳ್ಳ ಬೀರು ತೆರೆಯುವವನಲ್ಲ.

ಆಮೇಲೆ ಅದುವರೆಗೆ ಡಬ್ಬಿಗೆ ಯಾರ್ಯಾರು ಸೇರಿದ್ದರು ಎಂಬ ಪಟ್ಟಿ ತೆರೆದೆವು. ಮನೆಯಲ್ಲಿ ನಾಲ್ಕು ಫೋನು, ಪಟ್ಟಿಯಲ್ಲಿ ಹನ್ನೊಂದು. "ಇದು ಎದುರುಮನೆ ಅಣ್ಣಂದು ಮಾವ, ಇದು ಪಕ್ಕದ ಮನೆ ಹುಡುಗ್ರದ್ದು" ಎಂದು ಅವಳು ಒಂದೊಂದನ್ನೇ ಗುರುತಿಸಿದಳು. ಒಂದು ಮಾತ್ರ ಯಾರದೆಂದು ತಿಳಿಯಲಿಲ್ಲ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. 2008ರಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಮುಂಚೆ ಬಂದ ಬೆದರಿಕೆ ಇಮೇಲ್ ನವಿ ಮುಂಬೈನ ಮನೆಯೊಂದರ ವೈಫೈ ಮೂಲಕ ಹೋಗಿತ್ತು, ಪೊಲೀಸರು ಮೊದಲು ಬಂದದ್ದು ಆ ಮನೆಗೆ. ಅದನ್ನು ಹೇಳಿದೆ, ಅತ್ತೆ ಕೇಳಿಸಿಕೊಂಡರು. "ಮಕ್ಕ ಓದಕ್ಕೆ ಕೇಳುದ್ರೆ ಇಲ್ಲ ಅನ್ನಕಾದದಾ?" ಎಂದರು. ಆಗದು. ನೆರೆಯವರಿಗೆ ಬಾಗಿಲು ಹಾಕು ಎನ್ನುವ ಭದ್ರತೆ ಪುಣಜನೂರಿನಲ್ಲಿ ಒಂದು ವಾರವೂ ನಿಲ್ಲುವುದಿಲ್ಲ.

ಇದಕ್ಕೆ ಡಬ್ಬಿಯಲ್ಲೇ ದಾರಿಯಿದೆ, ಅತಿಥಿಗಳಿಗೆಂದು ಎರಡನೆಯ ವೈಫೈ. ಅದರಲ್ಲಿ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಟಿವಿ, ಫೋನು, ಡಬ್ಬಿಯ ಪುಟ ಯಾವುದೂ ಕಾಣುವುದಿಲ್ಲ. ಪಾಸ್‌ವರ್ಡನ್ನು ಬೇಕಾದಾಗ ಬದಲಾಯಿಸಬಹುದು. ಕೊಂಡಾಗಿನಿಂದ ಅದು ಯಾರೂ ಮುಟ್ಟದೆ ಒಳಗೇ ಇತ್ತು. ವೈಫೈ ಹೆಸರಿಗೆ 32 ಬೈಟ್ ಜಾಗ, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಪಾಸ್‌ವರ್ಡಿಗೆ ಕನ್ನಡ ಆಗದಿದ್ದರೂ ಹೆಸರಿಗೆ ಆದೀತು ಎಂದೆ. ಹುಡುಗಿ ಸ್ವಲ್ಪ ಯೋಚಿಸಿ 'ಜಗಲಿ' ಎಂದು ಒತ್ತಿದಳು. ಹನ್ನೆರಡು ಬೈಟ್. ಪುಟ ಒಪ್ಪಿಕೊಂಡಿತು.

ಕತ್ತಲಾಗುವ ಹೊತ್ತಿಗೆ ಪಕ್ಕದ ಮನೆಯ ಇಬ್ಬರು ಹುಡುಗರು ಫೋನು ಹಿಡಿದು ಹೊರಗೆ ಬಂದು ಕೂತರು. ನೆಟ್ ಹೋಗಿದೆ ಅಕ್ಕ ಎಂದರು. ಅವಳು ಬಾಗಿಲಿಗೆ ಬಂದು ಜಗಲಿಯ ಪಾಸ್‌ವರ್ಡ್ ಹೇಳಿದಳು.